ಕೇಳದೆ ಸಿಕ್ಕ ಉತ್ತರ

 

ತಲೆನೋವೆಂದು ಎಂ.ಆರ್.ಐ. ಮಾಡಿಸುತ್ತೇವೆ. ನೋವಿನ ಕಾರಣ ಅಲ್ಲಿ ಕಾಣುವುದಿಲ್ಲ. ಬದಲಿಗೆ ಒಂದು ನೀರುಗುಳ್ಳೆಯೋ ಬಿಳಿ ಚುಕ್ಕೆಯೋ ಕಾಣುತ್ತದೆ. "ಇದಕ್ಕೂ ನಿಮ್ಮ ತಲೆನೋವಿಗೂ ಸಂಬಂಧವಿಲ್ಲ" ಎನ್ನುತ್ತಾರೆ ಡಾಕ್ಟರು. ಆದರೂ ಆ ರಾತ್ರಿ ನಿದ್ದೆ ಬರುವುದಿಲ್ಲ. ಹಾಗಾದರೆ ಈ ತಿಳಿವು ನಮಗೆ ಒಳ್ಳೆಯದನ್ನು ಮಾಡಿತೇ?

ನೆದರ್‌ಲೆಂಡ್ಸ್‌ನ ರೋಟರ್‌ಡ್ಯಾಮ್‌ನಲ್ಲಿ 45 ದಾಟಿದ 2000 ಸಾಮಾನ್ಯ ಜನರ ಮಿದುಳನ್ನು ಸ್ಕ್ಯಾನ್ ಮಾಡಿ, 2007ರಲ್ಲಿ ಫಲಿತಾಂಶ ಪ್ರಕಟಿಸಿದರು. ಶೇ. 7.2 ಮಂದಿಯಲ್ಲಿ ಅವರಿಗೇ ಅರಿವಿಲ್ಲದೆ ಆಗಿಹೋಗಿದ್ದ ಪಾರ್ಶ್ವವಾಯುವಿನ ಗುರುತು, ಶೇ. 1.8 ಮಂದಿಯಲ್ಲಿ ರಕ್ತನಾಳದ ಉಬ್ಬು, ಶೇ. 1.6 ಮಂದಿಯಲ್ಲಿ ಕ್ಯಾನ್ಸರ್ ಅಲ್ಲದ ಗಡ್ಡೆ ಕಂಡವು. ಹುಡುಕಿದರೆ ಏನಾದರೂ ಸಿಗುವುದು ಅಪರೂಪವಲ್ಲ.

ಸಲ್ಲ ಸುತ್ತದ ಎರಡು ಬಾಣಗಳು ನಮಗೆ ಗೊತ್ತು. ಮೊದಲನೆಯದು ಮೈಗೆ ನಾಟುತ್ತದೆ, ಎರಡನೆಯದು ಮನಸ್ಸಿಗೆ. ಇಲ್ಲಿ ವಿಚಿತ್ರವೆಂದರೆ, ಆ ಚುಕ್ಕೆ ಮೈಗೆ ನೋವನ್ನೇ ಕೊಟ್ಟಿಲ್ಲ. ಮೊದಲ ಬಾಣವಿಲ್ಲದೆಯೇ ಎರಡನೆಯದು ನಾಟಿದೆ!

ಹಾಗೆಂದು ತಿಳಿಯದಿರುವುದೇ ಮೇಲು ಎನ್ನಲಾಗದು. ಅವಿದ್ಯೆಯನ್ನು ಬುದ್ಧರು ಎಂದೂ ಹೊಗಳಲಿಲ್ಲ. ರಕ್ತನಾಳದ ಉಬ್ಬು ಕೆಲವೊಮ್ಮೆ ಚಿಕಿತ್ಸೆ ಬೇಡುತ್ತದೆ. ಮುಂಚೆ ತಿಳಿದದ್ದರಿಂದ ಜೀವ ಉಳಿಯಬಹುದು. ಸಿಡಿಲೆರಗಿದಂತೆ ಥಟ್ಟನೆ ಬಂದ ತಲೆನೋವು, ಜ್ವರದೊಡನೆ ಕತ್ತು ಬಿಗಿಯುವುದು, ಕೈಕಾಲಿನ ಬಲ ಕುಂದುವುದು, ಮಾತು ತೊದಲುವುದು: ಇವುಗಳಲ್ಲಿ ಯಾವುದು ಕಂಡರೂ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಅಲ್ಲಿ ಸ್ಕ್ಯಾನ್‌ಗೆ ಒಂದು ಸ್ಪಷ್ಟ ಪ್ರಶ್ನೆ ಇರುತ್ತದೆ.

ಆದರೆ ವರ್ಷಗಳಿಂದ ಒಂದೇ ರೀತಿ ಬಂದುಹೋಗುವ ಮೈಗ್ರೇನ್‌ಗೆ, ಡಾಕ್ಟರು ಪರೀಕ್ಷಿಸಿ "ಬೇಕಿಲ್ಲ" ಎಂದ ಮೇಲೂ "ಒಮ್ಮೆ ನೋಡಿಬಿಡೋಣ" ಎನ್ನುವಾಗ ನಾವು ಹುಡುಕುವುದು ಕಾರಣವನ್ನಲ್ಲ, "ನನಗೇನೂ ಆಗುವುದಿಲ್ಲ" ಎಂಬ ಖಾತರಿಯನ್ನು. ಅದನ್ನು ಯಾವ ಯಂತ್ರವೂ ಕೊಡಲಾರದು. ಶುದ್ಧವಾದ ರಿಪೋರ್ಟ್ ಕೂಡ ಆ ದಿನದ ಚಿತ್ರ ಮಾತ್ರ. ಅನಿಚ್ಚ ಎಂದರೆ ಇದೇ.

ತಿಳಿಸುವವರಿಗೂ ಒಂದು ಹೊಣೆಯಿದೆ. ಮಾತು ನಿಜವಾಗಿದ್ದರೆ ಸಾಲದು, ಹಿತವಾಗಿರಬೇಕು, ಹೊತ್ತರಿತು ಬರಬೇಕು. "ತಲೆಯಲ್ಲಿ ಏನೋ ಗಡ್ಡೆಯಂತೆ" ಎಂದು ನೆಂಟರಿಗೆಲ್ಲ ಫೋನ್ ಮಾಡುವುದು ಸಮ್ಯಕ್ ವಾಕ್ಕಲ್ಲ.

ಇಂದಿನ ಅಭ್ಯಾಸ: ಏನನ್ನಾದರೂ ತಿಳಿಯಲು ಹೊರಟಾಗ ಒಂದು ಉಸಿರು ನಿಂತು ಕೇಳಿಕೊಳ್ಳೋಣ. ಇದು ತಿಳಿದರೆ ನಾನು ಮಾಡುವುದೇನು? ಉತ್ತರವಿದ್ದರೆ ಧೈರ್ಯವಾಗಿ ನೋಡೋಣ. ಇಲ್ಲದಿದ್ದರೆ, ನೋಡಬೇಕಾದದ್ದು ನಮ್ಮ ಭಯವನ್ನೇ.

ಭವತು ಸಬ್ಬ ಮಂಗಲಂ 🪷