ಆಯಸ್ಸು ಮುಗಿಯಿತೇ, ಅಚ್ಚು ಮುರಿಯಿತೇ?

ಸಾವಿನ ಮನೆಗೆ ಹೋದವರು ‘ಆಯಸ್ಸು ಅಷ್ಟೇ ಇತ್ತು’ ಎನ್ನುತ್ತಾರೆ, ‘ಋಣ ತೀರಿತು’ ಎನ್ನುತ್ತಾರೆ. ಅಳುವವರ ಹೆಗಲ ಮೇಲೆ ಇಟ್ಟ ಕೈಯಂಥ ಮಾತು ಅದು. ಅದರೊಡನೆ ಅಲ್ಲಿ ಯಾರೂ ವಾದಕ್ಕಿಳಿಯಬಾರದು. ಆದರೆ 2025ರ ಮೇ, ಜೂನ್‌ನಲ್ಲಿ ಹಾಸನ ಜಿಲ್ಲೆಯಲ್ಲಿ ಸುಮಾರು 40 ದಿನಗಳೊಳಗೆ 20ಕ್ಕೂ ಹೆಚ್ಚು ಮಂದಿ ಹೃದಯಾಘಾತದಿಂದ ತೀರಿಕೊಂಡರೆಂಬ ಸುದ್ದಿ ಹಬ್ಬಿತು. ಸತ್ತವರಲ್ಲಿ ಎಳೆಯ ಪ್ರಾಯದವರೂ ಇದ್ದರು. ಹೆದರಿದ ಜನ ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಸಾಲುಗಟ್ಟಿದರು. ಜಯದೇವ ಸಂಸ್ಥೆಯ ಆಗಿನ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ನೇತೃತ್ವದ ತಜ್ಞರ ಸಮಿತಿ ಪರಿಶೀಲಿಸಿ, ಅಸಹಜ ಏರಿಕೆಯೇನೂ ಕಾಣಲಿಲ್ಲವೆಂದಿತು. ಜನ ಅದನ್ನು ಕೇಳಿ ನಿಟ್ಟುಸಿರಿಟ್ಟಿರಬಹುದು. ಪ್ರಶ್ನೆ ಮಾತ್ರ ಅಲ್ಲಿಂದಲೇ ಶುರುವಾಗುತ್ತದೆ. ಇಷ್ಟು ಸಾವು ಮಾಮೂಲಿ ಲೆಕ್ಕವೇ ಆಗಿದ್ದರೆ, ಅವುಗಳಲ್ಲಿ ಆಯಸ್ಸು ಮುಗಿದು ಬಂದವೆಷ್ಟು, ಆಸ್ಪತ್ರೆ ದೂರವಾಗಿ ಬಂದವೆಷ್ಟು?

ಈ ಪ್ರಶ್ನೆ ಹೊಸದಲ್ಲ. ಚರಕಸಂಹಿತೆಯ ವಿಮಾನಸ್ಥಾನದಲ್ಲಿ, ಒಂದು ಸೀಮೆಗೆ ಸೀಮೆಯೇ ರೋಗಕ್ಕೆ ತುತ್ತಾಗುವುದನ್ನು ಕುರಿತ ಅಧ್ಯಾಯದಲ್ಲೇ, ಅಗ್ನಿವೇಶ ತನ್ನ ಗುರು ಆತ್ರೇಯನನ್ನು ಕೇಳುತ್ತಾನೆ: ಆಯಸ್ಸು ಮೊದಲೇ ನಿಶ್ಚಯವಾದದ್ದೇ? ಆತ್ರೇಯನ ಉತ್ತರ ಹಣೆಬರಹದ ಪರ ಇಲ್ಲ. ಎಲ್ಲವೂ ನಿಶ್ಚಯವಾಗಿದ್ದರೆ ಔಷಧ, ಶಾಂತಿ, ಹೋಮ ಯಾವುದಕ್ಕೂ ಅರ್ಥವಿರದು. ದೈವ ಮತ್ತು ಪುರುಷಪ್ರಯತ್ನ ಎರಡರ ಬಲಾಬಲದ ಮೇಲೆ ಆಯಸ್ಸು ನಿಂತಿದೆ ಎನ್ನುತ್ತಾನೆ. ಅವನು ಕೊಡುವ ಹೋಲಿಕೆ ಗಾಡಿಯ ಅಚ್ಚಿನದು. ಒಳ್ಳೆಯ ಅಚ್ಚು ಸವೆದು ಸವೆದು ತನ್ನ ಕಾಲಕ್ಕೆ ಮುಗಿದರೆ ಅದು ಕಾಲಮರಣ. ಅದೇ ಅಚ್ಚು ಹೊರೆ ಹೆಚ್ಚಾಗಿ, ದಾರಿ ಹಳ್ಳದಿಣ್ಣೆಯಾಗಿ, ಹೊಡೆಯುವವನು ತಪ್ಪಿ, ಕಡಾಣಿ ಕಳಚಿ, ಕೀಲೆಣ್ಣೆಯಿಲ್ಲದೆ ನಡುದಾರಿಯಲ್ಲಿ ಮುರಿದರೆ ಅದು ಅಕಾಲಮರಣ. ಕೆಟ್ಟ ದಾರಿಯನ್ನು ಸಾವಿನ ಕಾರಣಗಳ ಪಟ್ಟಿಗೆ ಸೇರಿಸಿದ ಈ ಗ್ರಂಥವನ್ನು ಹಾಸನದ ಶ್ರೀ ಧರ್ಮಸ್ಥಳ ಮಂಜುನಾಥೇಶ್ವರ ಆಯುರ್ವೇದ ಕಾಲೇಜಿನ ವಿದ್ಯಾರ್ಥಿಗಳು ಇಂದಿಗೂ ಓದುತ್ತಾರೆ.

ಕರ್ಮವನ್ನು ಎಲ್ಲರಿಗಿಂತ ಕಟ್ಟುನಿಟ್ಟಾಗಿ ಲೆಕ್ಕ ಹಾಕಿದ ಜೈನರೂ ಇಲ್ಲಿ ಬೇರೆ ಮಾತಾಡುವುದಿಲ್ಲ. ಆಯುಷ್ಯವೇ ಒಂದು ಕರ್ಮವೆನ್ನುವ ತತ್ತ್ವಾರ್ಥಸೂತ್ರ, ನಡುವೆ ಮೊಟಕಾಗದ ಆಯಸ್ಸು ದೇವತೆಗಳು, ನಾರಕರು, ಕೊನೆಯ ಜನ್ಮದಲ್ಲಿರುವವರು ಮುಂತಾದ ಕೆಲವರಿಗೆ ಮಾತ್ರ ಎನ್ನುತ್ತದೆ. ಅಂದರೆ ನಮ್ಮ ನಿಮ್ಮಂಥವರದು ಹೊರಗಿನ ಕಾರಣದಿಂದ ಕಡಿದುಹೋಗಬಹುದು. ಆಹಾರ, ಅಭಯ, ಶಾಸ್ತ್ರಗಳ ಸಾಲಿನಲ್ಲಿ ಔಷಧವನ್ನೂ ದಾನವೆಂದು ಅವರು ಎಣಿಸಿದ್ದರ ಹಿಂದೆ ಈ ತಿಳಿವೂ ಇದೆ. ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದಲ್ಲಿ ಸಲ್ಲೇಖನದಿಂದ, ಅಂದರೆ ಉಪವಾಸವ್ರತದಿಂದ, ದೇಹ ಬಿಟ್ಟವರ ನಿಸಿದಿ ಕಲ್ಲುಗಳಿರುವ ಚಂದ್ರಗಿರಿಯ ಆಸುಪಾಸಿನಲ್ಲೇ 2018ರ ಮಹಾಮಸ್ತಕಾಭಿಷೇಕದ ಹೊತ್ತಿಗೆ ಬಾಹುಬಲಿ ಆಸ್ಪತ್ರೆ ಉದ್ಘಾಟನೆಯಾಯಿತು. ತಾನೇ ಆರಿಸಿಕೊಂಡ ಸಾವನ್ನು ಗೌರವಿಸುವ ಪರಂಪರೆ ತಪ್ಪಿಸಬಹುದಾದ ಸಾವನ್ನು ಒಪ್ಪಿಕೊಳ್ಳಲಿಲ್ಲ. ಕ್ರೈಸ್ತ ಮಿಷನ್ನಿನವರು ಹಾಸನದಲ್ಲಿ ರೆಡ್‌ಫರ್ನ್ ಆಸ್ಪತ್ರೆ ಕಟ್ಟಿದ್ದೂ ಇದೇ ನಂಬಿಕೆಯಿಂದ.

ಈಗ ದಾರಿಯ ಲೆಕ್ಕ. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳಿಂದ ಹಾಸನ ಸುಮಾರು 30ರಿಂದ 40 ಕಿ.ಮೀ.; ಹಾಸನದಿಂದ ಮೈಸೂರು 120ರ ಹತ್ತಿರ, ಬೆಂಗಳೂರು 180ರ ಮೇಲೆ. ಕೊಣನೂರು, ರಾಮನಾಥಪುರದ ಕಡೆಯವರು ಮೊದಲು ಅರಕಲಗೂಡಿಗೇ ಬರಬೇಕು. ಹೃದಯದ ರಕ್ತನಾಳ ಕಟ್ಟಿಕೊಂಡ ಮೇಲೆ ನಿಮಿಷ ನಿಮಿಷಕ್ಕೂ ಮಾಂಸಖಂಡ ಸಾಯುತ್ತದೆ. ಹೆಪ್ಪು ಕರಗಿಸುವ ಇಂಜೆಕ್ಷನ್ ಮೊದಲ ಗಂಟೆಗಳಲ್ಲಿ ಬಿದ್ದರೆ ಉಳಿಯುವ ಜೀವ, ತಡವಾದರೆ ಉಳಿಯದೆ ಹೋಗಬಹುದು. ಹಾಸನಕ್ಕೆ 2006ರಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಬಂತು, 2008ರಲ್ಲಿ 108 ಆಂಬುಲೆನ್ಸ್ ಬಂತು. ತಾಲ್ಲೂಕು ಆಸ್ಪತ್ರೆಯಲ್ಲಿ ಇಸಿಜಿ ತೆಗೆದು, ದೂರದ ತಜ್ಞರಿಗೆ ತೋರಿಸಿ, ಹೆಪ್ಪು ಕರಗಿಸುವ ದುಬಾರಿ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ನನ್ನು ಅಲ್ಲೇ ಉಚಿತವಾಗಿ ಕೊಡುವ ಪುನೀತ್ ರಾಜ್‌ಕುಮಾರ್ ಹೃದಯಜ್ಯೋತಿ ಯೋಜನೆಯೂ ಇದೆ. ಆತ್ರೇಯನ ಮಾತಿನಲ್ಲಿ ಹೇಳುವುದಾದರೆ ಇದು ಕೀಲೆಣ್ಣೆ.

ಊರೂರಿಗೂ ಹೃದಯ ತಜ್ಞರನ್ನು ಕೂರಿಸಲಾದೀತೇ, ದುಡ್ಡಿಗೂ ಮಿತಿಯಿಲ್ಲವೇ ಎಂದು ಕೇಳುವವರಿದ್ದಾರೆ. ಮಿತಿ ಇದೆ; ಆದರೆ ರಾತ್ರಿ ಪಾಳಿಯಲ್ಲೊಬ್ಬ ವೈದ್ಯ, ಕೆಡದ ಇಸಿಜಿ ಯಂತ್ರ, ಮುಗಿಯದ ಇಂಜೆಕ್ಷನ್ ದಾಸ್ತಾನು ಆ ಮಿತಿಯೊಳಗೇ ಬರುತ್ತವೆ. ಮಠ, ಮಿಷನ್ನುಗಳ ದಾನ ಸಾಲದೇ ಎಂದರೆ, ದಾನಕ್ಕೆ ದಾನಿಯ ಭಕ್ತಿ ಇರುವ ಊರು ಹತ್ತಿರ, ಎದೆನೋವಿಗೆ ಎಲ್ಲ ಊರೂ ಒಂದೇ. ಎಲ್ಲ ಊರಿಗೂ ಬಾಧ್ಯಸ್ಥವಾದದ್ದು ಸರ್ಕಾರ. ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ: ತಪ್ಪಿಸಬಹುದಿತ್ತು ಎಂಬ ಕೊರಗು ಸತ್ತವರ ಮನೆಯನ್ನು ಸುಡುತ್ತದೆ, ವಿಧಿಯೆಂಬ ನಂಬಿಕೆ ತಣಿಸುತ್ತದೆ. ನಿಜ, ಆ ಮನೆಯವರಿಗೆ ಆ ಮಾತಿನ ಹಕ್ಕಿದೆ. ಗಾಡಿ ಹೊಡೆಯುವವನಿಗೆ, ದಾರಿ ಮಾಡಬೇಕಾದವನಿಗೆ ಆ ಹಕ್ಕಿಲ್ಲ. ಆಸ್ಪತ್ರೆಯ ಹೊರಗಿನ ಹಠಾತ್ ಸಾವುಗಳನ್ನು ವರದಿ ಮಾಡಬೇಕೆಂದು ಸರ್ಕಾರ 2025ರಲ್ಲಿ ಹೇಳಿತು. ಆ ವರದಿಯಲ್ಲಿ ಮೂರು ಹೊತ್ತು ಬರೆದಿರಲಿ: ನೋವು ಶುರುವಾದದ್ದು ಎಷ್ಟಕ್ಕೆ, ಆಸ್ಪತ್ರೆ ಮುಟ್ಟಿದ್ದು ಎಷ್ಟಕ್ಕೆ, ಇಂಜೆಕ್ಷನ್ ಬಿದ್ದದ್ದು ಎಷ್ಟಕ್ಕೆ. ಆಯಸ್ಸಿನ ಮಾತು ಆಮೇಲೆ ಆಡೋಣ.