ಕರ್ತನನ್ನು ಎದುರುಗೊಳ್ಳುವುದು ಅಂದರೆ ಏನು?

ವಾಕ್ಯಭಾಗ: 1 ಥೆಸಲೋನಿಕ 4:13-18

2025ರ ಸೆಪ್ಟೆಂಬರ್ 23, 24ಕ್ಕೆ ರ್‍ಯಾಪ್ಚರ್ ಅಂತ ರೀಲ್ಸ್ ಓಡಾಡಿದ್ದು ನಿಮಗೆ ನೆನಪಿದೆ. ಆಗ ಹುಣಸೂರಿನ ಒಬ್ಬ ತಮ್ಮ ಫೋನ್ ಮಾಡಿ, "ಅಣ್ಣ, ಬಿ.ಎಡ್. ಫೀಸ್ ಕಟ್ಲಾ, ಬೇಡ್ವಾ?" ಅಂದ. ನಾನು ನಗಲಿಲ್ಲ. ಆ ಭಯದಲ್ಲೇ ಬೆಳೆದವನು ನಾನೂ.

ಪಿರಿಯಾಪಟ್ಟಣದಲ್ಲಿ ಹೈಸ್ಕೂಲ್ ಓದುವಾಗ ಒಂದು ಸಂಜೆ ಮನೆಗೆ ಬಂದೆ. ಬಾಗಿಲು ತೆರೆದಿದೆ, ಒಲೆ ಉರೀತಿದೆ, ಅಮ್ಮ ಇಲ್ಲ. ಸಭೆ ಎತ್ತಲ್ಪಟ್ಟಿತು, ನಾನು ಉಳಿದ್ಬಿಟ್ಟೆ ಅಂತ ಅತ್ತುಬಿಟ್ಟೆ. ಅಮ್ಮ ಪಕ್ಕದ ಮನೆಗೆ ಹೆಪ್ಪು ತರೋಕೆ ಹೋಗಿದ್ರು.

ಪ್ರಿಯರೇ, ದಿನ ಹೇಳಿದವರು ಬಹಳ ಮಂದಿ. ವಿಲಿಯಂ ಮಿಲ್ಲರನ ಹಿಂಬಾಲಕರು 1844ರ ಅಕ್ಟೋಬರ್ 22 ಅಂದ್ರು. ಅಮೆರಿಕದ ಹೆರಾಲ್ಡ್ ಕ್ಯಾಂಪಿಂಗ್ 2011ರ ಮೇ 21 ಅಂದ್ರು. ದಿನಗಳು ಬಂದವು, ಹೋದವು. ಮಾರ್ಕ 13:32 ಓದಿ. ಮಗನಿಗೂ ತಿಳಿಯದ ದಿನ ಯೂಟ್ಯೂಬಿಗೆ ತಿಳಿಯುತ್ತಾ?

ಇನ್ನೊಂದು ಮಾತು, ಬೇಸರ ಮಾಡ್ಕೋಬೇಡಿ. ಮಹಾಸಂಕಟಕ್ಕೆ ಮುಂಚೆಯೇ ಸಭೆ ಎತ್ತಲ್ಪಡುತ್ತೆ ಅನ್ನೋ ಬೋಧನೆ 1830ರ ದಶಕದಿಂದ ಜಾನ್ ಡಾರ್ಬಿಯವರ ಮೂಲಕ ಹರಡಿತು. 1909ರ ಸ್ಕೋಫೀಲ್ಡ್ ಬೈಬಲಿನ ಟಿಪ್ಪಣಿಗಳು ಅದನ್ನ ಮನೆಮನೆಗೆ ಮುಟ್ಟಿಸಿದವು. ಬೈಬಲ್ ಕಾಲೇಜಿಗೆ ಹೋಗೋ ತನಕ ಇದು ನನಗೆ ಗೊತ್ತಿರಲಿಲ್ಲ. ನಮ್ಮ ಹಿರಿಯರು ಇದನ್ನೇ ನಂಬಿ ಪರಿಶುದ್ಧರಾಗಿ ಬಾಳಿದರು. ಅವರನ್ನ ಹಳಿಯೋಕೆ ನಾನು ನಿಂತಿಲ್ಲ. ಆದರೆ ಬೆರೋಯದವರ ಹಾಗೆ ವಾಕ್ಯವನ್ನ ಶೋಧಿಸೋಣ.

17ನೇ ವಚನದಲ್ಲಿ 'ಎದುರುಗೊಳ್ಳು' ಅನ್ನೋ ಮಾತಿದೆ. ಗ್ರೀಕಿನಲ್ಲಿ ಅಪಾಂತೇಸಿಸ್. ಅದೇ ಪದ ಅಪೊಸ್ತಲರ ಕೃತ್ಯಗಳು 28:15ರಲ್ಲಿದೆ. ರೋಮಿನ ಸಹೋದರರು ದೂರ ಬಂದು ಪೌಲನನ್ನು ಎದುರುಗೊಂಡರು. ಆಮೇಲೆ ಎಲ್ಲಿಗೆ ಹೋದರು? ರೋಮಿಗೇ! ನಮ್ಮ ಕಡೆ ಮದುವೇಲಿ ಗಂಡಿನವರನ್ನ ಎದುರುಗೊಳ್ಳೋಕೆ ಹೋದವರು ಅವರ ಬಸ್ ಹತ್ತಿ ಹೊರಟುಹೋಗ್ತಾರಾ? ಕರ್ಕೊಂಡು ಒಳಗೆ ಬರ್ತಾರೆ. ಒಂದೇ ಪದದಿಂದ ಎಲ್ಲಾ ತೀರ್ಮಾನ ಆಗಲ್ಲ, ಒಪ್ತೀನಿ. ಆದರೂ ಕರ್ತನು ಬರುತ್ತಾನೆ, ಇದು ಸತ್ಯ. ಬರೋ ರಾಜನಿಗಾಗಿ ಮನೆ ಗುಡಿಸಿ ಕಾಯೋರು ನಾವು.

ಥೆಸಲೋನಿಕದಲ್ಲೂ ಕೆಲಸ ಮಾಡದೆ ತಿರುಗ್ತಿದ್ದವರಿದ್ರು. ದುಡಿದು ತಿನ್ನಿ ಅಂತ ಪೌಲನು ಎರಡನೇ ಪತ್ರದ 3ನೇ ಅಧ್ಯಾಯದಲ್ಲಿ ಗದರಿಸಿದ. ಆ ತಮ್ಮನಿಗೂ ನಾನು ಹೇಳಿದ್ದು ಅಷ್ಟೇ: "ಫೀಸ್ ಕಟ್ಟಪ್ಪ. ಎಚ್.ಡಿ. ಕೋಟೆಯ ಹಾಡಿ ಮಕ್ಕಳಿಗೆ ಮೇಷ್ಟ್ರಾಗು. ಕರ್ತನು ಬಂದಾಗ ಕೈಯಲ್ಲಿ ಸೀಮೆಸುಣ್ಣ ಇದ್ರೆ ನಾಚಿಕೆ ಏನಿಲ್ಲ."

18ನೇ ವಚನ ನೋಡಿ. ಈ ಮಾತುಗಳಿಂದ ಒಬ್ಬರನ್ನೊಬ್ಬರು ಸಂತೈಸಬೇಕು, ಹೆದರಿಸಬಾರದು. ಮಕ್ಕಳಿರೋ ಮನೆಯವರೇ, ಇದನ್ನ ನೆನಪಿಡಿ.

ಪ್ರಾರ್ಥಿಸೋಣ. ಕರ್ತನೇ, ನಮ್ಮ ಭಯ ತೆಗೆ. ನೀನು ಬರುವ ತನಕ ನಂಬಿಗಸ್ತರಾಗಿ ದುಡಿಯೋ ಕೃಪೆ ಕೊಡು. ಯೇಸುವಿನ ನಾಮದಲ್ಲಿ, ಆಮೆನ್.