ಹಾಯುವ ಎತ್ತು, ಕಚ್ಚುವ ನಾಯಿ

2024ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರವು ಪಿಟ್‌ಬುಲ್, ರಾಟ್‌ವೀಲರ್ ಮುಂತಾದ 23 ತಳಿಯ ನಾಯಿಗಳನ್ನು ನಿಷೇಧಿಸುವಂತೆ ಸುತ್ತೋಲೆ ಹೊರಡಿಸಿತು. ಸಂಬಂಧಪಟ್ಟವರ ಮಾತು ಕೇಳಿಲ್ಲವೆಂದು ಕರ್ನಾಟಕ ಹೈಕೋರ್ಟ್ ಏಪ್ರಿಲ್‌ನಲ್ಲಿ ಅದನ್ನು ರದ್ದುಪಡಿಸಿತು. ಹಾಗಾದರೆ ಕಚ್ಚಿಸಿಕೊಂಡ ಮಗುವಿಗೆ ಯಾರು ಹೊಣೆ?

ಬೀರೂರು, ಅಜ್ಜಂಪುರದ ಕಡೆಯವರಿಗೆ ಅಮೃತಮಹಲ್ ದನಗಳ ಸಿಡುಕು ಹೊಸದಲ್ಲ. ಆ ತಳಿಯೇ ಬೇಡವೆನ್ನಲಿಲ್ಲ. ಮೂಗುದಾರ ಹಾಕಿ ಎಚ್ಚರದಿಂದ ಸಾಕಿದರು. ವಿಮೋಚನಕಾಂಡದ 21ನೇ ಅಧ್ಯಾಯದ ನ್ಯಾಯವೂ ಹೀಗೆಯೇ: ಎತ್ತು ಹಾಯ್ದು ಕೊಂದರೆ ಶಿಕ್ಷೆ ಎತ್ತಿಗೆ, ಹಾಯುವ ಚಾಳಿ ತಿಳಿದೂ ಕಟ್ಟದಿದ್ದರೆ ಒಡೆಯನಿಗೂ.

ತಳಿಯೆಂಬುದು ನಾಯಿಯ ಅಪರಾಧವಲ್ಲ, ಅದರ ಬಲದ ಬಗ್ಗೆ ಒಡೆಯನಿಗೆ ಮೊದಲೇ ಸಿಕ್ಕ ಎಚ್ಚರಿಕೆ. ತರಬೇತಿ, ಬಾಯಿಕುಕ್ಕೆ, ಗಟ್ಟಿ ಗೇಟು ನಿಮ್ಮಿಂದಾಗದೇ? ಹಾಗಿದ್ದರೆ ಸರ್ಕಾರ ನಿಷೇಧಿಸುವವರೆಗೆ ಕಾಯಬೇಡಿ. ಅಂಥ ನಾಯಿಯನ್ನು ಮನೆಗೆ ತರಬೇಡಿ. ನೆರೆಮನೆಯ ಮಗು ನಿರ್ಭಯವಾಗಿ ನಡೆಯಲಿ.